ಗೇಟಿನವನ ನಿದ್ದೆಗೆ ಆಧಾರ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ಮೂವತ್ತು ವರ್ಷ ಕಂಡವರ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿದವಳಿಗೆ ಕೋಪ ಬರದೆ ಇನ್ನೇನು ಬರುತ್ತದೆ? ನನ್ನದು ಬಟ್ಟೆ ರಿಪೇರಿ ಅಂಗಡಿ. ಹೊಸದು ಹೊಲಿಯುವುದಿಲ್ಲ. ದಪ್ಪಗಾದವರಿಗೆ ಸಡಿಲ ಮಾಡುವುದು, ಸಣ್ಣಗಾದವರಿಗೆ ಬಿಗಿ ಮಾಡುವುದು, ಕಿತ್ತುಹೋದ ಜಿಪ್ಪು ಕೂರಿಸುವುದು, ಅಷ್ಟೇ. ಒಂದು ಮೆಷಿನ್ನು, ಒಂದು ಇಸ್ತ್ರಿ ಮೇಜು, ಪರದೆ ಕಟ್ಟಿದ ಒಂದು ಟ್ರಯಲ್ ರೂಮು, ಗೋಡೆಗೆ ಉದ್ದನೆಯ ಕನ್ನಡಿ. ಕನ್ನಡಿ ಪಕ್ಕದ ಕುರ್ಚಿ ಅಮ್ಮನದು. ಎಂಬತ್ತನಾಲ್ಕು ವರ್ಷದ ಅಮ್ಮ ದಿನಾ ನನ್ನ ಜೊತೆ ಬಂದು, ಮಡಿಲಲ್ಲಿ ಗುಂಡಿ ಡಬ್ಬಿ ಇಟ್ಟುಕೊಂಡು, ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಇನ್ನೊಂದು ಕಡೆ ಅಂತ ಆರಿಸುತ್ತಿದ್ದಳು. ಸಂಜೆ ನಾನು ಎರಡನ್ನೂ ಮತ್ತೆ ಕಲಸಿ ಇಡುತ್ತಿದ್ದೆ. ಇಲ್ಲದಿದ್ದರೆ ಮರುದಿನ ಅವಳಿಗೆ ಕೆಲಸ ಬೇಡವೇ?

ಒಂದು ದಿನ ಬ್ಯಾಂಕಿನ ಹೊಸ ಗುಮಾಸ್ತ ಪ್ಯಾಂಟಿಗಾಗಿ ಕಾಯುತ್ತಾ ನಿಂತಿದ್ದ. ಊರಿಗೆ ಬಂದು ತಿಂಗಳೂ ಆಗಿರಲಿಲ್ಲ. ಕೈಯಲ್ಲಿ ಫೋನು.

"ಇಲ್ಲೇ ಹತ್ತಿರ ಒಂದು ರೈಲ್ವೆ ಗೇಟ್ ಇತ್ತಂತಲ್ಲ ಮೇಡಂ? ಏಳು ಜನ ಹೋದ್ರಂತೆ. ಗೇಟಿನವನು ಗಡದ್ದಾಗಿ ನಿದ್ದೆ ಹೊಡೀತಿದ್ನಂತೆ, ನೋಡಿ."

ನಾನು ಮೆಷಿನ್ ನಿಲ್ಲಿಸಿದೆ. ಅವನು ಪಾಪ, ನಗುನಗುತ್ತಾ ಫೋನನ್ನು ನನ್ನ ಮುಖಕ್ಕೆ ಹಿಡಿದ. ಇಂಟರ್ನೆಟ್ಟಿನ ವಿಶ್ವಕೋಶ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಅನ್ನುತ್ತಾರಲ್ಲ, ಅದೇ. ನಮ್ಮ ರೈಲು ಮಾರ್ಗದ ಬಗ್ಗೆ ಒಂದು ಪುಟ, ಅದರಲ್ಲಿ ಅಪಘಾತದ ಬಗ್ಗೆ ನಾಲ್ಕು ಸಾಲು. ಕೊನೆಯ ಸಾಲು: 'ಆ ವೇಳೆಯಲ್ಲಿ ಗೇಟ್ ಕಾವಲುಗಾರ ನಿದ್ರಿಸುತ್ತಿದ್ದ.'

ಆ ಗೇಟ್ ಕಾವಲುಗಾರ ನಮ್ಮಪ್ಪ.

ಅರ್ಧ ಹೊಲಿದ ಪ್ಯಾಂಟನ್ನೇ ಕೊಟ್ಟು ಕಳಿಸಿದೆ. ತಿರುಗಿ ನೋಡಿದರೆ ಅಮ್ಮ ಗುಂಡಿ ಡಬ್ಬಿಯ ಮುಚ್ಚಳ ಹಾಕಿಬಿಟ್ಟಿದ್ದಳು. ಕಣ್ಣು ಮಂಜಾಗಿದೆಯೇ ಹೊರತು ಅವಳ ಕಿವಿ ನನ್ನದಕ್ಕಿಂತ ಚುರುಕು. ಮರುದಿನದಿಂದ ಅಂಗಡಿಗೆ ಬರುವುದನ್ನೇ ಬಿಟ್ಟಳು. "ಬರೋರು ಹೋಗೋರೆಲ್ಲ ನನ್ನ ಮುಖ ನೋಡ್ತಾರೆ. ನಾನು ಕಣ್ಣು ಮುಚ್ಚೋದ್ರೊಳಗೆ ಅದನ್ನ ಅಳಿಸಿಬಿಡೇ" ಅಂದಳು. ಅಮ್ಮ ಜನ್ಮದಲ್ಲಿ ನನ್ನನ್ನು ಕೇಳಿಕೊಂಡಿದ್ದು ಅದೊಂದೇ.

ಆ ಅಪಘಾತ ಆಗಿ ಮೂವತ್ತೆಂಟು ವರ್ಷ. ಮಧ್ಯಾಹ್ನ ಎರಡು ಇಪ್ಪತ್ತು. ಸ್ಟೇಷನ್ನಿನಿಂದ ರೈಲು ಬಿಟ್ಟರೆ ಗೇಟಿನ ಕೋಣೆಯಲ್ಲಿ ಗಂಟೆ ಹೊಡೆಯಬೇಕು, ಅಪ್ಪ ಹಿಡಿಕೆ ತಿರುಗಿಸಿ ಗೇಟು ಇಳಿಸಬೇಕು. ಅವತ್ತು ಗೇಟು ಇಳಿದಿರಲಿಲ್ಲ. ಚಪ್ಪಲಿ ಫ್ಯಾಕ್ಟರಿಯ ಮಿನಿಬಸ್ಸು ಹಳಿ ಮೇಲಿತ್ತು. ಗಂಟೆ ಹೊಡೆಯಲೇ ಇಲ್ಲ ಅಂತ ಅಪ್ಪ ಹೇಳಿದರು. ಹೊಡೆದೆವು ಅಂತ ಸ್ಟೇಷನ್ನಿನವರು. ವಿಚಾರಣೆ ನಡೆಯಿತು. ಆಗ ನನ್ನ ತಮ್ಮನಿಗೆ ಹತ್ತೊಂಬತ್ತು. ಅಪ್ಪನಿಗೆ ಊಟದ ಡಬ್ಬಿ ಕೊಟ್ಟು, ಅಪಘಾತಕ್ಕೆ ಹತ್ತು ನಿಮಿಷ ಮೊದಲು ಅಲ್ಲಿಂದ ಹೊರಟಿದ್ದ. ವಿಚಾರಣೆಯ ಸಾಹೇಬರ ಮುಂದೆ ನಿಂತು, "ಅಪ್ಪ ಎಚ್ಚರವಾಗಿದ್ರು, ಡಬ್ಬೀನ ತಾವೇ ಕೈಯಾರೆ ಇಸ್ಕೊಂಡ್ರು" ಅಂದ. ಆ ಮಾತಿನ ಮೇಲೆ ಅಪ್ಪನ ಕೆಲಸ ಉಳಿಯಿತು. ಗೇಟಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ವಿಚಾರಣೆಯ ಕಡತ ಕೇಳಲು ಹೋದರೆ ಗೆದ್ದಲು ತಿಂದಿದೆ ಅನ್ನುತ್ತಾರೆ. ಅಪ್ಪ ಹೋಗಿಯೂ ಹದಿನೈದು ವರ್ಷವಾಯಿತು. ನಮ್ಮ ಮನೆಯಲ್ಲಿ ಮಾತ್ರ ಆ ಗಂಟೆ ಇವತ್ತಿಗೂ ಹೊಡೆದಿಲ್ಲ.

ಅಳಿಸುವುದೇನು ಮಹಾ ಅಂತ ಅಮ್ಮ ಹೇಳಿದ ದಿನವೇ ಅಂಗಡಿಯಲ್ಲಿ ಕೂತು ಅಳಿಸಿದೆ. ನಾಲ್ಕು ನಿಮಿಷಕ್ಕೆ ವಾಪಸ್ಸು ಬಂತು. ಮತ್ತೆ ಅಳಿಸಿದೆ, ಮತ್ತೆ ಬಂತು. ಐದನೇ ಸಲ, 'ಇದನ್ನು ಬರೆದವನ ಕೈಗೆ ಹುಳ ಬೀಳಲಿ' ಅಂತ ಅದೇ ಜಾಗದಲ್ಲಿ ಬರೆದೆ. ಮೂರು ದಿನ ಏನೂ ತಿದ್ದದ ಹಾಗೆ ನನಗೆ ಬಾಗಿಲು ಹಾಕಿದರು! 'ಸಂಪಾದನಾ ಸಮರ' ಮಾಡಿದೆನಂತೆ. ಸಮರವಂತೆ, ಸಮರ. ಕತ್ತರಿ ಬಿಟ್ಟು ಬೇರೆ ಆಯುಧ ಹಿಡಿಯದವಳು ನಾನು.

ತಮ್ಮನಿಗೆ ಫೋನ್ ಮಾಡಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸೆ ತೊಳೆದು ಜೋಡಿಸುವ ಕೆಲಸ ಅವನದು. ಈ ಕಂಪ್ಯೂಟರು ಗಿಂಪ್ಯೂಟರು ನನಗಿಂತ ಚೆನ್ನಾಗಿ ಬರುತ್ತದೆ.

"ಬಿಡಕ್ಕ. ಯಾರು ಓದ್ತಾರೆ ಅದನ್ನೆಲ್ಲ" ಅಂದ.

"ಅಮ್ಮನ ಕಿವಿಗೆ ಬಿದ್ದಾಯ್ತು ಕಣೋ!"

"ಅಲ್ಲೊಂದು ಸಹಾಯ ಪುಟ ಇರುತ್ತೆ, ಕೇಳಿ ನೋಡು" ಅಂತ ಇಟ್ಟುಬಿಟ್ಟ. ಅವನು ಯಾವತ್ತೂ ಹಾಗೇ. ಅಡ್ಡಗೋಡೆಯ ಮೇಲೆ ದೀಪ ಇಡುವವನು.

ಬಾಗಿಲು ತೆರೆದ ಮೇಲೆ ಸಹಾಯ ಪುಟಕ್ಕೆ ಹೋದೆ. ಅಲ್ಲಿ ನಿಜವಾದ ಹೆಸರಿನವರು ಯಾರೂ ಇಲ್ಲ, ಎಲ್ಲರೂ ಮುಖವಾಡದವರೇ. ನನಗೆ ಗಂಟುಬಿದ್ದವನ ಹೆಸರು ಹರಕುಛತ್ರಿ. ಹೆಸರು ನೋಡಿ ನಗು ಬಂತು. ಉತ್ತರ ಓದಿದ ಮೇಲೆ ನಗು ಇಂಗಿತು.

ನಾನು ಬರೆದದ್ದು: 'ಆ ಗೇಟಿನವರು ನನ್ನ ತಂದೆ. ಅವರು ನಿದ್ದೆ ಮಾಡುತ್ತಿರಲಿಲ್ಲ. ಹತ್ತು ನಿಮಿಷ ಮೊದಲು ನನ್ನ ತಮ್ಮನೇ ಕಣ್ಣಾರೆ ನೋಡಿದ್ದಾನೆ. ದಯವಿಟ್ಟು ಆ ಸಾಲು ತೆಗೆಯಿರಿ.'

ಹರಕುಛತ್ರಿಯ ಉತ್ತರ: 'ನಮಸ್ಕಾರ. ನಿಮ್ಮ ಭಾವನೆ ಅರ್ಥವಾಗುತ್ತದೆ. ಆದರೆ ನೀವು ಕುಟುಂಬದವರಾದ್ದರಿಂದ ಈ ವಿಷಯದಲ್ಲಿ ನಿಮಗೆ ಹಿತಾಸಕ್ತಿ ಇದೆ. ಸ್ವಂತ ನೆನಪು, ಮನೆಯವರ ಮಾತು ಇಲ್ಲಿ ಆಧಾರವಾಗುವುದಿಲ್ಲ. ಅಚ್ಚಾದ, ನಂಬಲರ್ಹ ಆಧಾರ ಬೇಕು. ಈಗಿರುವ ಸಾಲಿಗೆ ದಿನಪತ್ರಿಕೆಯೊಂದರ ಆಧಾರವಿದೆ.'

ಮೈಯೆಲ್ಲ ಉರಿದುಹೋಯಿತು. ಹೆತ್ತ ಅಪ್ಪನ ಬಗ್ಗೆ ಮಗಳ ಮಾತು ನಡೆಯುವುದಿಲ್ಲ, ಯಾವನೋ ಪೇಪರಿನವನ ಮಾತು ನಡೆಯುತ್ತದೆ! 'ನಿಮ್ಮಪ್ಪನ ಬಗ್ಗೆ ಹೀಗೆ ಬರೆದಿದ್ದರೆ ಆಧಾರ ಕೇಳುತ್ತಾ ಕೂರುತ್ತಿದ್ದಿರಾ ಸ್ವಾಮಿ?' ಅಂತ ಬರೆದೆ. ಅದಕ್ಕೂ ಉತ್ತರ ಬಂತು: 'ಹೌದು. ನನಗೂ ಇದೇ ನಿಯಮ.' ಕಲ್ಲಿನ ಮನುಷ್ಯ. ಆದರೆ ಒಂದು ಹೇಳಬೇಕು, ಎಷ್ಟು ಬೈದರೂ ಉತ್ತರ ಕೊಡದೆ ಇರುತ್ತಿರಲಿಲ್ಲ.

ಅಂಗಡಿಗೆ ಬೀಗ ಹಾಕಿ ಆ ಪತ್ರಿಕೆಯ ಕಚೇರಿಗೇ ಹೋದೆ. ಎರಡನೇ ಮಹಡಿ. ಮೇಜುಗಳ ಮೇಲೆ ತಣ್ಣಗಾದ ಚಹಾ ಲೋಟಗಳು, ಕಿಟಕಿಯುದ್ದಕ್ಕೂ ಹಳೇ ಪೇಪರ್ ಕಟ್ಟುಗಳು. ಲೇಖನ ಬರೆದ ವರದಿಗಾರನಿಗೆ ಮೂವತ್ತು ವರ್ಷ ಇರಬಹುದು. ಅಪಘಾತಕ್ಕೆ ಮೂವತ್ತೈದು ವರ್ಷ ತುಂಬಿತು ಅಂತ ಮೂರು ವರ್ಷದ ಹಿಂದೆ ಅರ್ಧ ಪುಟ ಬರೆದಿದ್ದನಂತೆ.

"ನಮ್ಮಪ್ಪ ನಿದ್ದೆ ಮಾಡ್ತಿದ್ರು ಅಂತ ನಿಮಗ್ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಮೇಡಂ. ವಿಶ್ವಕೋಶದಲ್ಲಿತ್ತಲ್ಲ."

"ವಿಶ್ವಕೋಶದಲ್ಲಿ ನಿಮ್ಮ ಪೇಪರಲ್ಲಿತ್ತು ಅಂತ ಹಾಕಿದಾರೆ."

ಅವನು ಒಂದು ಕ್ಷಣ ಯೋಚಿಸಿ ಜೋರಾಗಿ ನಕ್ಕ. "ಅಯ್ಯೋ, ಸುತ್ತಿ ಬಳಸಿ ಅಲ್ಲಿಗೇ ಬಂತಲ್ಲ!" ಅಂದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ತಪ್ಪಾಯಿತು ಅಂತ ಪತ್ರಿಕೆಯಲ್ಲಿ ಹಾಕಿ ಅಂದೆ. ಸಂಪಾದಕರು ಒಪ್ಪುವುದಿಲ್ಲ, ಹಳೇ ವಿಷಯ, ಯಾರೂ ಕೇಸು ಹಾಕಿಲ್ಲವಲ್ಲ ಅಂತ ಕೈ ತೊಳೆದುಕೊಂಡ. ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟ, ಅಷ್ಟು ಮರ್ಯಾದೆ ಇತ್ತು.

ನಡೆದದ್ದನ್ನು ಒಂದೂ ಬಿಡದೆ ಹರಕುಛತ್ರಿಗೆ ಬರೆದೆ. ಈ ಸಲ ಅವನ ಧಾಟಿ ಸ್ವಲ್ಪ ಬದಲಾಯಿತು. 'ಹೀಗೆ ಆಗುವುದುಂಟು. ವರದಿಗಾರರು ಬಾಯಲ್ಲಿ ಹೇಳಿದ್ದು ಸಾಲದು. ಆದರೆ ಪತ್ರಿಕೆಯಲ್ಲಿ ಬರುವ ಮೊದಲೇ ಆ ಸಾಲು ನಮ್ಮ ಪುಟದಲ್ಲಿತ್ತು ಎಂದು ನೀವು ತೋರಿಸಿದರೆ, ಆ ಆಧಾರ ಬಿದ್ದುಹೋಗುತ್ತದೆ. ಪುಟದ ಮೇಲ್ಭಾಗದಲ್ಲಿ ಇತಿಹಾಸ ಎಂಬ ಗುಂಡಿ ಇದೆ. ಯಾವ ಅಕ್ಷರ ಯಾವತ್ತು ಸೇರಿತು ಎಂಬುದೆಲ್ಲ ಅಲ್ಲಿದೆ. ಆಧಾರವಿಲ್ಲದ ಸಾಲನ್ನು ಯಾರು ಕೇಳಿದರೂ ತೆಗೆಯಬೇಕು. ಅದೂ ನಿಯಮವೇ.'

ಇದನ್ನು ಮೊದಲೇ ಬೊಗಳಬಾರದಿತ್ತೇ! ರಿಪೇರಿಗೆ ಬಂದ ಬಟ್ಟೆಯನ್ನು ನಾನು ಮೊದಲು ಮಾಡುವುದೇ ಒಳಮಗ್ಗುಲು ಹೊರಗೆ. ಮೇಲಿಂದ ನೋಡಿದರೆ ಎಲ್ಲ ಹೊಲಿಗೆಯೂ ಒಂದೇ. ಒಳಗೆ ನೋಡಿದರೆ ಎಷ್ಟು ಸಲ ಬಿಚ್ಚಿದ್ದಾರೆ, ಎಲ್ಲಿ ಬೇರೆ ದಾರ ಹಾಕಿದ್ದಾರೆ, ಯಾವ ಕಳ್ಳ ಟೈಲರು ಅಂಚಿನ ಬಟ್ಟೆ ಕದ್ದಿದ್ದಾನೆ, ಎಲ್ಲ ಗೊತ್ತಾಗುತ್ತದೆ. ಈ ಪುಟಕ್ಕೂ ಒಂದು ಒಳಮಗ್ಗುಲಿದೆ ಅಂದಮೇಲೆ ನನ್ನ ಕೈಗೆ ಸಿಕ್ಕಿತು ಅಂದುಕೊಂಡೆ.

ಆರುನೂರು ಚಿಲ್ಲರೆ ತಿದ್ದುಪಡಿಗಳಿದ್ದವು. ಎರಡು ಭಾನುವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದನ್ನೇ ತೆರೆದು ನೋಡಿದೆ. ಯಾರೋ ಸ್ಟೇಷನ್ನಿನ ಹೆಸರು ತಿದ್ದಿದ್ದಾರೆ, ಯಾರೋ ಚುಕ್ಕಿ ಹಾಕಿದ್ದಾರೆ, ಇನ್ಯಾರೋ ಆ ಚುಕ್ಕಿ ತೆಗೆದಿದ್ದಾರೆ. ಏನು ಜನವೋ, ಮನೆಯಲ್ಲಿ ಕೆಲಸವಿಲ್ಲವೇ ಇವರಿಗೆ? ಎರಡನೇ ಭಾನುವಾರ ಮಧ್ಯಾಹ್ನ ಸಿಕ್ಕಿತು. ನಾಲ್ಕು ವರ್ಷದ ಹಿಂದೆ, ಅಪಘಾತವಾದ ತಾರೀಖಿನಂದೇ, ಆ ಸಾಲು ಮೊದಲ ಸಲ ಬಂದಿತ್ತು. ಆಧಾರ ಗೀಧಾರ ಏನೂ ಇಲ್ಲ. ಪತ್ರಿಕೆಯ ಲೇಖನ ಬಂದದ್ದು ಅದಾಗಿ ಒಂದು ವರ್ಷಕ್ಕೆ. ಅದನ್ನು ಆಧಾರ ಅಂತ ಅಂಟಿಸಿದ್ದು ಇನ್ನೂ ಆರು ತಿಂಗಳಿಗೆ, ಬೇರೆ ಯಾವನೋ. ಅಳತೆ ಚೀಟಿಯ ಹಿಂದೆ ಮೂರೂ ತಾರೀಖು ಬರೆದುಕೊಂಡು ಹರಕುಛತ್ರಿಗೆ ಕಳಿಸಿದೆ. ಹೆಸರುಗಳ ಕಡೆ ಕಣ್ಣೇ ಹಾಯಿಸಲಿಲ್ಲ. ಹರಕುಛತ್ರಿ, ಬೋಳುಪೊರಕೆ ಅಂತೆಲ್ಲ ಇಟ್ಟುಕೊಂಡವರ ಹೆಸರು ಓದಿ ನನಗೇನಾಗಬೇಕು?

ಸೋಮವಾರ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಉತ್ತರ ಬಂತು.

'ಪರಿಶೀಲಿಸಿದೆ. ನೀವು ಹೇಳಿದ್ದು ಸರಿ. ಸಾಲನ್ನು ತೆಗೆದಿದ್ದೇನೆ. ನಿಮಗಾದ ತೊಂದರೆಗೆ ಕ್ಷಮೆ ಕೋರುತ್ತೇನೆ. ಇದನ್ನು ಮೊದಲು ಸೇರಿಸಿದ ಬಳಕೆದಾರ ಬುಟ್ಟಿಗುಬ್ಬಿ ಅವರಿಗೂ ತಿಳಿಸಿದ್ದೇನೆ.'

ಮೊದಲ ಅರ್ಧ ಓದಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಗೆದ್ದೆ ಕಣಮ್ಮ ಅಂತ ಅಮ್ಮನ ಖಾಲಿ ಕುರ್ಚಿಗೇ ಕೂಗಲು ಬಾಯಿ ತೆರೆದಿದ್ದೆ. ಉಳಿದ ಅರ್ಧ ಓದಿ ಕೂತೆ.

ಬುಟ್ಟಿಗುಬ್ಬಿ. ನನ್ನ ತಮ್ಮ ಮೂರು ವರ್ಷದವನಿದ್ದಾಗ ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ಮುದುರಿಕೊಂಡು ಮಲಗಿಬಿಡುತ್ತಿದ್ದ. ಅಪ್ಪ ಡ್ಯೂಟಿ ಮುಗಿಸಿ ಬಂದವರೇ ಬುಟ್ಟಿಯನ್ನು ಹಾಗೇ ಎತ್ತಿಕೊಂಡು, "ಎಲ್ಲಿ ನನ್ನ ಬುಟ್ಟಿಗುಬ್ಬಿ?" ಅಂತ ಮನೆಯೆಲ್ಲ ಸುತ್ತಿಸುತ್ತಿದ್ದರು. ಆ ಹೆಸರು ಗೊತ್ತಿದ್ದವರು ಈ ಭೂಮಿಯ ಮೇಲೆ ನಾಲ್ಕೇ ಜನ. ಅವರಲ್ಲಿ ಒಬ್ಬರು ಈಗಿಲ್ಲ.

ಸಂಜೆ ಅಮ್ಮನಿಗೆ, "ಅಳಿಸಿದ್ರು" ಅಂತಷ್ಟೇ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲಿಲ್ಲ. ಮರುದಿನ ಬೆಳಿಗ್ಗೆ ನನಗಿಂತ ಮೊದಲು ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು. ಅಂಗಡಿಗೆ ಬಂದವಳೇ ಗುಂಡಿ ಡಬ್ಬಿ ಮಡಿಲಿಗೆ ಹಾಕಿಕೊಂಡಳು.

ತಮ್ಮ ಶನಿವಾರ ಬಂದ. ಬರುತ್ತಾನೆ ಅಂತ ಗೊತ್ತಿತ್ತು. ಅಮ್ಮ ಅಲ್ಲೇ ಕೂತಿದ್ದಾಳೆ, ಅವಳ ಕಿವಿ ಬೇರೆ ಚುರುಕು. ಮೇಜಿನ ಮೇಲಿನ ಟ್ರಾನ್ಸಿಸ್ಟರ್ ರೇಡಿಯೋ ಜೋರು ಮಾಡಿ, "ಬಾ ಇಲ್ಲಿ, ಪ್ಯಾಂಟಿನ ಅಳತೆ ನೋಡ್ಬೇಕು" ಅಂತ ಅವನ ತೋಳು ಹಿಡಿದು ಟ್ರಯಲ್ ರೂಮಿಗೆ ಎಳೆದುಕೊಂಡು ಹೋಗಿ ಪರದೆ ಹಾಕಿದೆ. ಒಬ್ಬರು ನಿಲ್ಲುವ ಜಾಗ ಅದು. ಐವತ್ತೇಳು ವರ್ಷದ ಗಂಡಸು, ಅರವತ್ತರ ನಾನು, ಮೂಗಿಗೆ ಮೂಗು ತಾಗುವ ಹಾಗೆ ನಿಂತೆವು.

"ಬುಟ್ಟಿಗುಬ್ಬಿ ಯಾರೋ?"

ಅವನು ನೆಲ ನೋಡಿದ.

"ತಲೆಗಿಲೆ ಕೆಟ್ಟಿದೆಯಾ ನಿಂಗೆ? ಹೆತ್ತ ಅಪ್ಪನ ಮೇಲೆ ಯಾವ ಜನ್ಮದ ಸೇಡೋ ಇದು? ಎರಡು ತಿಂಗಳು ನಾಯಿ ಹಾಗೆ ಅಲೆದಿದೀನಿ. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂತಿದ್ದೀಯಲ್ಲ!"

"ಅಪ್ಪ ಮಲಗಿದ್ರು ಅಕ್ಕ."

"ಏನಂದೆ?"

"ಸ್ಟೂಲ್ ಮೇಲೆ ಕೂತು ಗೋಡೆಗೆ ತಲೆ ಕೊಟ್ಟಿದ್ರು. ಬಾಯಿ ತೆರೆದಿತ್ತು. ಇನ್ನೊಬ್ಬನಿಗೆ ಹುಷಾರಿಲ್ಲ ಅಂತ ಹಿಂದಿನ ದಿನದಿಂದ ಡಬಲ್ ಡ್ಯೂಟಿ ಮಾಡಿದ್ರಲ್ಲ. ಪಾಪ ಅನ್ನಿಸ್ತು. ಡಬ್ಬಿ ಕಾಲ ಹತ್ರ ಇಟ್ಟೆ. ಸದ್ದಾಗಬಾರದು ಅಂತ ಚಪ್ಪಲಿ ಕೈಲಿ ಹಿಡ್ಕೊಂಡು ಹೊರಗೆ ಬಂದೆ." ಅವನ ದನಿ ನಡುಗಲಿಲ್ಲ, ಬಾಯಿಪಾಠ ಒಪ್ಪಿಸಿದ ಹಾಗಿತ್ತು. "ಎಬ್ಬಿಸಿದ್ರೆ ಏಳು ಜನ ಬದುಕ್ತಿದ್ರು."

"ಬಾಯಿ ಮುಚ್ಚು."

"ಸಾಹೇಬರ ಮುಂದೆ ಸುಳ್ಳು ಹೇಳಿದೆ. ಅದಾದ ಮೇಲೆ ಅಪ್ಪ ನನ್ನ ಮುಖ ನೋಡಿ ಮಾತಾಡಿದ್ದನ್ನ ಒಂದು ದಿನ ನೋಡಿದ್ಯಾ ನೀನು?"

ನೋಡಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಗೋಡೆ ಕಡೆ ಮುಖ ಮಾಡುತ್ತಿದ್ದರು. ಏನು ಬೇಕಾದರೂ ನನ್ನ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು, "ಅವನಿಗೆ ಹೇಳು, ಸೈಕಲ್ ಒಳಗಿಡಲಿ" ಅಂತ. ಅಪಘಾತದ ಆಘಾತ ಅಂದುಕೊಂಡಿದ್ದೆವು. ಆ ಪರದೆಯೊಳಗೆ ನಿಂತಾಗ ನನಗೆ ಅದೆಲ್ಲ ಒಟ್ಟಿಗೆ ನೆನಪಾಯಿತು. ನಿಜ ಅಂತ ಗೊತ್ತಾಯಿತು. ಗೊತ್ತಾದದ್ದಕ್ಕೇ ಇನ್ನೂ ಸಿಟ್ಟು ಬಂತು.

"ಯಾರಿಗಾದ್ರೂ ಹೇಳ್ಬೇಕಿತ್ತು ಅಕ್ಕ. ಅಮ್ಮನಿಗೆ ಹೇಳಕ್ಕಾಗುತ್ತಾ? ನಿಂಗೆ ಹೇಳಿದ್ರೆ ನೀನು ಕತ್ತರಿ ತಗೊಂಡು ಬರ್ತಿದ್ದೆ. ಅಲ್ಲಿ ಒಂದು ಸಾಲು ಬರೆದೆ. ಬರೆಯೋಕೆ ಮೂವತ್ನಾಲ್ಕು ವರ್ಷ ಹಿಡೀತು. ಅದು ಅಲ್ಲಿದೆ ಅಂತ ಗೊತ್ತಿದ್ರೆ ಸ್ವಲ್ಪ ನಿದ್ದೆ ಬರೋದು. ಅದೊಂದು ಸಾಲು ಅಲ್ಲಿರಲಿ ಬಿಡು ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ."

ಪರದೆಯಾಚೆ ರೇಡಿಯೋ ಹಾಡಿನ ಸಂದಿಯಲ್ಲಿ ಗುಂಡಿಗಳ ಸದ್ದು ಕೇಳಿಸುತ್ತಿತ್ತು. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಇನ್ನೊಂದು ಕಡೆ.

"ಆಧಾರ ಎಲ್ಲಿದೆ?" ಅಂದೆ.

"ಏನು?"

"ಅಚ್ಚಾಗಿರೋ ಆಧಾರ. ಪೇಪರು, ಪುಸ್ತಕ, ಸರ್ಕಾರಿ ಕಾಗದ. ಇದೆಯಾ?"

"ನಾನು ನೋಡಿದೀನಲ್ಲ ಅಕ್ಕ. ಕಣ್ಣಾರೆ."

"ನೀನು ಮಗ. ನಿನ್ನ ಮಾತು ಅಲ್ಲಿ ನಡೆಯಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಪರದೆ ಸರಿಸಿ, ಅಮ್ಮನಿಗೆ ಬರ್ತೀನಿ ಅಂತ ಹೇಳಿ ಹೋದ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೋ ಗೊತ್ತಿಲ್ಲ. ಎರಡು ತಿಂಗಳು ಯಾವ ಮಾತು ನನ್ನ ಹೊಟ್ಟೆ ಉರಿಸಿತ್ತೋ ಅದೇ ಮಾತು.

ಎರಡು ದಿನ ಬಿಟ್ಟು ಪುಟ ತೆರೆದು ನೋಡಿದೆ. ನೋಡಬಾರದು ಅಂದುಕೊಂಡೇ ನೋಡಿದೆ. ಬುಟ್ಟಿಗುಬ್ಬಿ ಆ ಸಾಲನ್ನು ಮತ್ತೆ ಹಾಕಿದ್ದ. ನಾಲ್ಕೇ ನಿಮಿಷದಲ್ಲಿ ಯಾರೋ ತೆಗೆದಿದ್ದರು. ಇನ್ನೊಮ್ಮೆ ಹಾಕಿರಲಿಲ್ಲ. ಅವನಿಗೆ ನನ್ನ ಹಾಗೆ ಜಗಳ ಬರುವುದಿಲ್ಲ. ಸಹಾಯ ಪುಟಕ್ಕೆ ಹೋಗಿದ್ದ. ನನ್ನ ಬೈಗುಳಗಳ ಕೆಳಗೇ ಅವನ ಪ್ರಶ್ನೆ ಇತ್ತು.

'ನಮಸ್ಕಾರ. ಮೇಲಿನ ಚರ್ಚೆಯಲ್ಲಿ ಹೇಳಿರುವ ತಮ್ಮ ನಾನೇ. ಅಂದು ಅವರು ನಿದ್ರಿಸುತ್ತಿದ್ದರು. ನಾನು ಎಬ್ಬಿಸಲಿಲ್ಲ. ಇದನ್ನು ಎಲ್ಲಿ ಬರೆಯಬೇಕು?'

ಹರಕುಛತ್ರಿ ಉತ್ತರ ಕೊಟ್ಟಿದ್ದ. ಕೊಡದೆ ಇರುವವನಲ್ಲ.

'ನಮಸ್ಕಾರ. ನಿಮ್ಮ ಭಾವನೆ ಅರ್ಥವಾಗುತ್ತದೆ. ಆದರೆ ಇಲ್ಲಿ ಅಲ್ಲ. ಸ್ವಂತ ನೆನಪು, ಮನೆಯವರ ಮಾತು ಇಲ್ಲಿ ಆಧಾರವಾಗುವುದಿಲ್ಲ. ಈ ಬಗ್ಗೆ ಬೇರೆ ಯಾರಾದರೂ ಏನಾದರೂ ಹೇಳುವುದಿದ್ದರೆ ಕೆಳಗೆ ಬರೆಯಬಹುದು.'

ಕೆಳಗೆ ಖಾಲಿ ಚೌಕ. ಅದರಲ್ಲಿ ಒಂದು ಗೀಟು ಮಿನುಗುತ್ತಿತ್ತು. ಅಲ್ಲಿ ನಾನು ಏನು ಬರೆದರೂ ಹರಕುಛತ್ರಿಗೆ ಅದು ಲೆಕ್ಕಕ್ಕಿಲ್ಲ. ಬುಟ್ಟಿಗುಬ್ಬಿಗೆ ಲೆಕ್ಕಕ್ಕಿತ್ತು. 'ನನಗೆ ಗೊತ್ತು, ನೀನು ಹೇಳುತ್ತಿರುವುದು ನಿಜ.' ಅಷ್ಟು ಬರೆದಿದ್ದರೆ ಸಾಕಿತ್ತು.

"ಈ ವಾರ ನಿನ್ನ ತಮ್ಮ ಬರ್ತಾನೇನೇ?" ಅಂತ ಅಮ್ಮ ಕೇಳಿದಳು.

"ಗೊತ್ತಿಲ್ಲಮ್ಮ. ಕೆಲಸ ಇರಬೇಕು."

"ಅವನಿಗೊಂದು ಒಳ್ಳೆ ಶರ್ಟು ಕೊಡಿಸೇ. ಅವತ್ತು ಆ ಮಗು ಅಷ್ಟು ಜನದ ಮುಂದೆ ನಿಂತು ನಿಜ ಹೇಳಿದ್ದಕ್ಕೆ ನಿಮ್ಮಪ್ಪನ ಮಾನ ಉಳೀತು." ಅಮ್ಮ ಒಂದು ಗುಂಡಿಯನ್ನು ಬೆಳಕಿಗೆ ಹಿಡಿದು ಅದರ ತೂತು ನೋಡಿದಳು. "ಎಷ್ಟು ತೂತೇ ಇದಕ್ಕೆ?"

"ನಾಲ್ಕು" ಅಂದೆ. ಫೋನನ್ನು ಮಗುಚಿಟ್ಟು ಮೆಷಿನ್ ತುಳಿದೆ.